ಹೋಂಸ್ಟೇ ಕಟ್ಟುವ ಮುನ್ನ ಜಮೀನಿನ ಕಾಗದ ನೋಡಿ
ಪಾರ್ವತಿನಗರದಲ್ಲಿ ಸಿಗುವ ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ನನ್ನನ್ನು ಕೇಳೋದು ಒಂದೇ: "ಅಣ್ಣಾ, ಹಂಪಿ ಹತ್ರಾನೇ ಐತಿ, ಗದ್ದ್ಯಾಗ ಹೋಂಸ್ಟೇ ಮಾಡಬಹುದಾ?" ಮಾಡಬಹುದು. ಆದರೆ ವಿರೂಪಾಪುರ ಗಡ್ಡೆ ನೆನಪಿರಲಿ. ಅಲ್ಲಿ ಕೃಷಿ ಜಮೀನಿನಲ್ಲಿ ಎದ್ದಿದ್ದ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಿದರು.

ಪಕ್ಕದ ಆನೆಗೊಂದಿಯಲ್ಲಿ ಹಳೇ ಮನೆಗಳನ್ನೇ ರಿಪೇರಿ ಮಾಡಿ ಅತಿಥಿಗಳಿಗೆ ಕೊಟ್ಟರು. ಗೊನೆ ಕಡಿದ ಮೇಲೆ ಉಳಿಯುವ ಬಾಳೆಯ ನಾರಿನಿಂದ ಹೆಂಗಸರು ಬುಟ್ಟಿ, ಚೀಲ ಹೆಣೆಯುತ್ತಾರೆ. ನನಗೆ ಈ ದಾರಿನೇ ಸರಿ ಅನ್ಸುತ್ತೆ. ಕಟ್ಟಡದ ಸಾಲ ಇಲ್ಲ.

ನೀವು ಭತ್ತದ ನಾಟಿ ಹೊತ್ತಿಗೆ ಒಂದು ದಿನದ ಭೇಟಿಯಿಂದ ಶುರು ಮಾಡಿ. ಕೆಸರಲ್ಲಿ ಬರಿಗಾಲಲ್ಲಿ ನಡೆಯೋದು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಷ್ಟಕ್ಕೇ ಪೇಟೆಯವರು ಬರ್ತಾರೆ. ಔಷಧಿ ಹೊಡೆದ ಗದ್ದೆಗೆ ಮಾತ್ರ ಯಾರನ್ನೂ ಇಳಿಸಬೇಡಿ. ರೂಮು ಕಟ್ಟುವುದಾದರೆ ಭೂಪರಿವರ್ತನೆ, ಪಂಚಾಯಿತಿ ಪರವಾನಗಿ ವಿಚಾರಿಸಿಯೇ ಪಾಯ ತೆಗೆಯಿರಿ.