ಹಿರಿಯ ರೈತರ ಸಭೆಯೂ ಕಿರಿಯ ಉಪನ್ಯಾಸಕನೂ

ವ್ಯವಸಾಯದ ವಿಷಯವಾಗಿ ಉಪನ್ಯಾಸ ಮಾಡಲು ಗ್ರಾಮಗಳಿಗೆ ಬರುವವರಲ್ಲಿ ತರುಣರು ಅನೇಕರು. ಕೇಳಲು ಕುಳಿತವರಲ್ಲಿ ತಲೆ ನರೆತ ಅನುಭವಸ್ಥರು ಅನೇಕರು. "ನಾವು ತೋಟ ಹಿಡಿದಾಗ ಈತನು ಹುಟ್ಟಿಯೇ ಇರಲಿಲ್ಲ" ಎಂಬ ಭಾವನೆಯು ಸಭೆಯಲ್ಲಿ ಒಮ್ಮೆ ನೆಲೆಸಿತೆಂದರೆ, ಎಷ್ಟು ಉಪಯುಕ್ತವಾದ ಮಾತಾದರೂ ವ್ಯರ್ಥವಾಗುವುದು. ಇದರ ನಷ್ಟವು ಉಪನ್ಯಾಸಕನಿಗಲ್ಲ, ಬೆಳೆಗೆ.

ಅಡಿಕೆಯ ಕೊಳೆರೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರ ವಯಸ್ಸು ಸುಮಾರು 30. ಅವರು ಈ ರೋಗವನ್ನು ಪರಿಶೋಧಿಸಿ, ಮೈಲುತುತ್ತ ಮತ್ತು ಸುಣ್ಣಗಳಿಂದಾಗುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೆ ಮೊದಲೇ ಮಲೆನಾಡಿನ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. ಮಳೆಯ ತೇವವೇ ರೋಗಕ್ಕೆ ಅನುಕೂಲವೆಂಬುದನ್ನು ಅವರ ಅನುಭವವು ತಿಳಿದಿತ್ತು.

ಆದುದರಿಂದ ಕಿರಿಯ ಉಪನ್ಯಾಸಕನು ಹಳೆಯ ಪದ್ಧತಿಯನ್ನು ಹಳಿದು ಪ್ರಾರಂಭಿಸಬಾರದು. ಕೊಟ್ಟೆ ಕಟ್ಟುತ್ತಿದ್ದ ಕಾಲದ ಸಂಗತಿಯನ್ನು ಹಿರಿಯರಿಂದಲೇ ಕೇಳಿ, ಕೊಟ್ಟೆಯು ನೀರನ್ನು ತಡೆದಂತೆ ದ್ರಾವಣವು ನೀರಿನಲ್ಲಿ ಹರಡುವ ರೋಗಾಣುವನ್ನು ತಡೆಯುವುದೆಂದು ಹೇಳಬೇಕು. ಆಗ ಹೊಸ ಮಾತು ಹಳೆಯ ಅನುಭವದ ಮುಂದುವರಿಕೆಯಾಗಿ ಕೇಳಿಸುವುದು.

ಬಳಿಕ ಮಾತನ್ನು ನಿಲ್ಲಿಸಿ ಕೆಲಸವನ್ನು ತೋರಿಸಬೇಕು. 1 ಕಿಲೋ ಮೈಲುತುತ್ತವನ್ನೂ 1 ಕಿಲೋ ಒಳ್ಳೆಯ ಸುಣ್ಣವನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಬೆರಸಿದರೆ, ಒಟ್ಟು 100 ಲೀಟರು ದ್ರಾವಣವಾಗಬೇಕು. ಸುಣ್ಣದ ಗುಣವನ್ನು ಪರೀಕ್ಷಿಸುವ ಕೆಲಸವನ್ನು ಹಿರಿಯರಿಗೇ ಒಪ್ಪಿಸುವುದು ಲೇಸು. ಸಿದ್ಧವಾದ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿದಾಗ, ಅದರ ಮೇಲೆ ತಾಮ್ರದ ಕೆಂಪು ಬಣ್ಣವು ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಆ ಕತ್ತಿಯನ್ನು ಸಭೆಯ ಅತ್ಯಂತ ಹಿರಿಯರ ಕೈಗೆ ಕೊಡಲಿ. ಕಣ್ಣಾರೆ ಕಂಡುದಕ್ಕೆ ಹೇಳಿದವನ ವಯಸ್ಸು ಅಡ್ಡಿಯಾಗದು.

ಗ್ರಾಮದ ಮುಖಂಡರ ಕರ್ತವ್ಯವೂ ಇದರಲ್ಲಿದೆ. ಅವರು ಉಪನ್ಯಾಸಕನನ್ನು ಸಭೆಗೆ ಮುಂಚೆ ತೋಟಕ್ಕೆ ಕರೆದೊಯ್ದು ಇಬ್ಬರು ಹಿರಿಯರ ಪರಿಚಯ ಮಾಡಿಸಬೇಕು. ಸಭೆಯಲ್ಲಿ ಮೊದಲ ಪ್ರಶ್ನೆಯನ್ನು ತಾವೇ ಕೇಳಬೇಕು. ಮೊದಲ ಸಿಂಪಡಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆಯೂ, ಎರಡನೆಯದು ಸುಮಾರು 40ರಿಂದ 45 ದಿನಗಳ ತರುವಾಯವೂ ಆಗಬೇಕಾದುದರಿಂದ, ಇಂತಹ ಸಭೆಯನ್ನು ಬೇಸಗೆಯಲ್ಲಿಯೇ ಕೂಡಿಸುವುದು ಅವಶ್ಯಕ.