ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದರೆ ಸಾಲದು

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರ್‌ನಲ್ಲೇ ಫಾಸ್ಜೀನ್ ವಿಷಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ಅಲ್ಲಿನ ಕಾರ್ಮಿಕ ಸಂಘಗಳು ಸುರಕ್ಷತೆ ಸರಿಯಿಲ್ಲವೆಂದು ದೂರಿದವು, ಪೋಸ್ಟರ್ ಅಂಟಿಸಿ ಊರಿಗೂ ತಿಳಿಸಿದವು. ಯಾರೂ ಕಿವಿಗೊಡಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಅನಿಲ ಸಾವಿರಾರು ಜನರ ಜೀವ ತೆಗೆಯಿತು. ಅದಾದ ಮೇಲೆ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯ ಕಂಡಾಗ ಎಚ್ಚರಿಸುವುದು ಕಾರ್ಮಿಕರ ಹಕ್ಕು ಎಂದು ಬರೆಯಲಾಯಿತು. ಅಷ್ಟು ದೊಡ್ಡ ಬೆಲೆ ತೆತ್ತು ಬಂದ ಹಕ್ಕು ಇದು. ಬೀದರ್, ರಾಯಚೂರಿನ ಔಷಧ ಕಾರ್ಖಾನೆಗಳಲ್ಲಾಗಲಿ, ಪೀಣ್ಯ, ಬೈಕಂಪಾಡಿಯ ಶೆಡ್‌ಗಳಲ್ಲಾಗಲಿ ದುಡಿಯುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020 ಬಂದಿದೆ. ಅದರ 13ನೇ ಕಲಂ ಪ್ರಕಾರ, ಅಸುರಕ್ಷಿತವಾದದ್ದು ಕಣ್ಣಿಗೆ ಬಿದ್ದರೆ ಮಾಲೀಕರಿಗೆ ತಿಳಿಸುವುದು ನೌಕರನ ಕರ್ತವ್ಯ. ಹಾಗಾಗಿ ಸೋರಿಕೆಯ ಸುದ್ದಿ ಎತ್ತಿದವನನ್ನು 'ಕಿರಿಕ್ ಪಾರ್ಟಿ' ಎಂದು ಕರೆಯುವ ಮ್ಯಾನೇಜರ್‌ಗೆ ಈ ಕಲಂ ತೋರಿಸಬಹುದು. 14ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ನೀವು ಕೈಯಾಡಿಸುವ ರಾಸಾಯನಿಕ ಯಾವುದು, ಅದರಿಂದ ಆರೋಗ್ಯಕ್ಕೇನು ಎಂಬ ಮಾಹಿತಿ ಕೇಳಿ ಪಡೆಯಬಹುದು. ಜೀವಕ್ಕೆ ಕುತ್ತು ಬರುವಂಥ ಅಪಾಯ ಎದುರಿಗೇ ಇದೆ ಎನಿಸಿದರೆ ಮಾಲೀಕರಿಗೆ ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಸದಸ್ಯರ ಮೂಲಕ ತಿಳಿಸಬಹುದು. ಅದೇ ಹೊತ್ತಿಗೆ ಸರ್ಕಾರದ ಇನ್‌ಸ್ಪೆಕ್ಟರ್‌ಗೂ (ಈಗಿನ ಹೆಸರು ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್) ತಿಳಿಸಬಹುದು. ಮಾಲೀಕರ ಉತ್ತರಕ್ಕೆ ಕಾಯುತ್ತ ಕೂರಬೇಕಿಲ್ಲ. ಅಪಾಯವಿದೆ ಎಂದು ಮಾಲೀಕರಿಗೂ ಮನವರಿಕೆಯಾದರೆ ತಕ್ಷಣ ಸರಿಪಡಿಸಿ ಇನ್‌ಸ್ಪೆಕ್ಟರ್‌ಗೆ ವರದಿ ಕಳಿಸಬೇಕು. ಅಪಾಯವೇನೂ ಇಲ್ಲ ಎಂಬುದು ಅವರ ವಾದವಾದರೂ ವಿಷಯವನ್ನು ಕೂಡಲೇ ಇನ್‌ಸ್ಪೆಕ್ಟರ್‌ಗೆ ಒಪ್ಪಿಸಲೇಬೇಕು. ಆ ಅಧಿಕಾರಿಯ ತೀರ್ಮಾನವೇ ಅಂತಿಮ. ಈ ಕಲಮಿನ ನಿಜವಾದ ಬಲ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ: ದೂರನ್ನು ಮೇಜಿನ ಡ್ರಾಯರ್‌ನಲ್ಲಿ ಹೂತುಹಾಕುವ ಅಧಿಕಾರ ಮಾಲೀಕರಿಗಿಲ್ಲ.

ಆದರೆ ಶಿಫ್ಟ್ ಬದಲಾಗುವಾಗ ಬಾಯಲ್ಲಿ ಹೇಳಿದ ಮಾತು ಉಳಿಯುವುದಿಲ್ಲ. ಬರೆದು ಕೊಡಿ, ಕನ್ನಡದಲ್ಲೇ ಬರೆಯಿರಿ. 'ಸೇಫ್ಟಿ ಸರಿಯಿಲ್ಲ' ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾಗದು. ಹೀಗಿರಲಿ: "ಎರಡನೇ ಪ್ಲಾಂಟಿನ ನಾಲ್ಕನೇ ರಿಯಾಕ್ಟರ್‌ನ ಕೆಳಗಿನ ವಾಲ್ವ್‌ನಿಂದ ಸೋಮವಾರ ರಾತ್ರಿ ಪಾಳಿಯಿಂದ ಸಾಲ್ವೆಂಟ್ ತೊಟ್ಟಿಕ್ಕುತ್ತಿದೆ. ಎಕ್ಸಾಸ್ಟ್ ಫ್ಯಾನ್ ಓಡುತ್ತಿಲ್ಲ. ಪಕ್ಕದಲ್ಲೇ ವೆಲ್ಡಿಂಗ್ ನಡೆದಿದೆ. ಬೆಂಕಿ ಹೊತ್ತುವ ಭಯವಿದೆ. ವೆಲ್ಡಿಂಗ್ ನಿಲ್ಲಿಸಿ ವಾಲ್ವ್ ಬದಲಾಯಿಸಬೇಕೆಂದು 14ನೇ ಕಲಂ ಅಡಿ ಕೋರುತ್ತೇವೆ." ಜಾಗ, ಸಮಯ, ಕಂಡದ್ದು, ಆಗಬೇಕಾದ್ದು ಇವಿಷ್ಟು ಸಾಕು. ಸಾಲ್ವೆಂಟ್ ಇರುವ ಕಡೆ ಫೋಟೊ ತೆಗೆಯಲೆಂದು ಮೊಬೈಲ್ ಒಯ್ಯಬೇಡಿ. ಅದರಿಂದಲೇ ಕಿಡಿ ಹಾರಬಹುದು, ನಿಯಮ ಮುರಿದಿರೆಂದು ನಿಮ್ಮ ಮೇಲೆಯೇ ನೋಟಿಸ್ ಬರಬಹುದು. ಹೊರಬಂದ ಮೇಲೆ ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ.

ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಆಫೀಸಿನವರು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಹೋಗಲಿ. ಅದರ ಕೇಂದ್ರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಗುತ್ತಿಗೆ ಕಾರ್ಮಿಕರಾದರೆ ಗುತ್ತಿಗೆದಾರರಿಗೂ ಕಾರ್ಖಾನೆಯ ಮ್ಯಾನೇಜರ್‌ಗೂ ಸೇರಿಸಿ ಬರೆಯಿರಿ. ಸಂಹಿತೆಯ ಲೆಕ್ಕದಲ್ಲಿ ಗುತ್ತಿಗೆದಾರನೂ ಮಾಲೀಕನೇ. ನಾಲ್ಕಾರು ಜನ ಒಟ್ಟಿಗೆ ಸಹಿ ಹಾಕಿದರೆ ಒಬ್ಬನ ಮೇಲೆ ಕಣ್ಣು ಬೀಳುವುದು ತಪ್ಪುತ್ತದೆ.

ಹೆಸರು ಹೊರಬೀಳುವ ಭಯವಿದ್ದವರು ಇಲಾಖೆಗೆ ಮಾತ್ರ ಬರೆದು, ಹೆಸರು ಗೋಪ್ಯವಾಗಿಡಬೇಕೆಂದು ಅರ್ಜಿಯಲ್ಲೇ ಕೇಳಬಹುದು. ದೂರು ಕೊಟ್ಟವರ ಗುಟ್ಟು ಕಾಯಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆಯನ್ನು ಭಾರತ 1949ರಲ್ಲೇ ಒಪ್ಪಿದೆ.

ಒಂದು ಕೊರತೆಯನ್ನು ಮುಚ್ಚಿಡುವಂತಿಲ್ಲ. ಅಪಾಯದ ಜಾಗದಿಂದ ಕೆಲಸ ನಿಲ್ಲಿಸಿ ಹೊರಬರುವ ಹಕ್ಕನ್ನು 14ನೇ ಕಲಂ ಬಿಡಿಸಿ ಹೇಳಿಲ್ಲ. ಹೇಳಬೇಕಿತ್ತು. ಆದರೂ ಉಸಿರು ಕಟ್ಟುವ ಟ್ಯಾಂಕಿಗೆ ಅನಿಲ ಪರೀಕ್ಷೆ ಮಾಡದೆ ಇಳಿ ಎಂದರೆ ಇಳಿಯಬೇಡಿ. ಮೊದಲು ಜೀವ. ಹೊರಗೆ ನಿಂತು, ಏಕೆ ಇಳಿಯಲಿಲ್ಲ ಎಂಬುದನ್ನು ಅಂದೇ ಬರೆದು ಕೊಡಿ.

ಇದೇ ನೆಪದಲ್ಲಿ ಕೆಲಸದಿಂದ ತೆಗೆದರೆ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಿ. 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷ ದಾಟಬಾರದು. ಆಗ ಸೀಲು ಬಿದ್ದ ಆ ಪ್ರತಿಯೇ ನಿಮ್ಮ ಮುಖ್ಯ ಸಾಕ್ಷಿ. ವಕೀಲರ ಫೀಸಿಗೆ ಹೆದರಬೇಡಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಆ ಕಾಗದ ಹಿಡಿದು ಹೋಗಿ.