ಕಠಿಣ ಹವಾಮಾನದ ಮನೆಗಳಿಗೆ ಫೈಬರ್ ಸಿಮೆಂಟ್ ಹೊರಹೊದಿಕೆ: ಆಯ್ಕೆ, ವೆಚ್ಚ ಮತ್ತು ವರ್ತಕರ ಹೊಣೆ

ಪೀಠಿಕೆ

ಕರಾವಳಿ ಹಾಗೂ ಮಲೆನಾಡಿನ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಪಡುವಣ ಗೋಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದೊಡನೆ ಬರುವ ಎರಚಲು ಆ ಗೋಡೆಗೆ ನೇರವಾಗಿ ಬಡಿಯುತ್ತದೆ. ಹಿಂದಿನವರು ಸೂರನ್ನು ಆಳವಾಗಿ ಇಳಿಸಿ, ಮಳೆಗಾಲಕ್ಕೆ ಮುನ್ನ ಅಡಿಕೆ ಸೋಗೆಯ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟಿ ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ವರ್ಷವರ್ಷವೂ ಬದಲಿಸಬೇಕಾದ ಆ ತಟ್ಟಿಯ ಕೆಲಸಕ್ಕೆ ಈಗ ತಗಡು, ಪ್ಲಾಸ್ಟಿಕ್ ಹಾಳೆಗಳ ಜೊತೆಗೆ ಫೈಬರ್ ಸಿಮೆಂಟ್ ಹಲಗೆಯೂ ಮಾರುಕಟ್ಟೆಗೆ ಬಂದಿದೆ.

ವ್ಯಾಪಾರ ಬೆಳೆದಂತೆ ತಕರಾರೂ ಬೆಳೆಯುವುದು ಸಹಜ. ಗ್ರಾಹಕನು ಅಂಗಡಿಗೆ ಬಂದು "ಗೋಡೆಗೆ ಹೊಡೆಯಲು ಸಿಮೆಂಟ್ ಬೋರ್ಡ್ ಬೇಕು" ಎನ್ನುತ್ತಾನೆ. ವರ್ತಕನು ಛಾವಣಿಯ ಒಳಹೊದಿಕೆಗೆಂದು ದಾಸ್ತಾನಿರಿಸಿದ ಹಲಗೆಯನ್ನೇ ಕೊಡುತ್ತಾನೆ. ಮೊದಲ ಮಳೆಗಾಲ ಸುಖವಾಗಿ ಕಳೆಯುತ್ತದೆ. ಎರಡನೆಯದರಲ್ಲಿ ಅಂಚುಗಳು ಉಬ್ಬುತ್ತವೆ, ಸ್ಕ್ರೂಗಳ ಕೆಳಗೆ ಕೆಂಪು ಗೆರೆ ಇಳಿಯುತ್ತದೆ, ಬಣ್ಣ ಸುಲಿಯುತ್ತದೆ. ಗ್ರಾಹಕನಿಗೆ ಹಣ ನಷ್ಟ, ವರ್ತಕನಿಗೆ ಹೆಸರು ನಷ್ಟ. ಇಲ್ಲಿ ಹಲಗೆ ಕೆಟ್ಟದ್ದೆಂದು ಹೇಳಲಾಗದು; ತಪ್ಪಿರುವುದು ಆಯ್ಕೆ. ಆ ಆಯ್ಕೆಯನ್ನು ಹವಾಮಾನ, ಜೋಡಣೆ, ಲೆಕ್ಕ ಮತ್ತು ಕಾನೂನು ಎಂಬ ನಾಲ್ಕು ದೃಷ್ಟಿಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ವಸ್ತುವಿನ ಪರಿಚಯ

ಸಿಮೆಂಟಿಗೆ ನಾರು ಬೆರೆಸಿ ತೆಳುವಾದ ಹಾಳೆ ಮಾಡುವ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವನು ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್. ಆಗ ಬಳಸಿದ ನಾರು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಧೂಳು ಶ್ವಾಸಕೋಶದ ಮಾರಕ ರೋಗಗಳಿಗೆ ಕಾರಣವೆಂದು ಸಿದ್ಧವಾದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು. ತಯಾರಕರು ಮರದ ತಿರುಳಿನಿಂದ ದೊರೆಯುವ ಸೆಲ್ಯುಲೋಸ್ ನಾರಿನತ್ತ ತಿರುಗಿದರು. ಇಂದಿನ ಫೈಬರ್ ಸಿಮೆಂಟ್ ಹಲಗೆಯಲ್ಲಿ ಸಿಮೆಂಟ್, ಸಿಲಿಕಾ ಅಥವಾ ಹಾರುಬೂದಿ, ಸೆಲ್ಯುಲೋಸ್ ನಾರು ಮತ್ತು ನೀರು ಮುಖ್ಯ ಘಟಕಗಳು. ಉತ್ತಮ ದರ್ಜೆಯವುಗಳನ್ನು ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಪಾತ್ರೆಯಲ್ಲಿ ಹದಗೊಳಿಸುತ್ತಾರೆ. ಇದರಿಂದ ಹಲಗೆಯು ತೇವಕ್ಕೆ ಹಿಗ್ಗುವುದೂ ಒಣಗಿದಾಗ ಕುಗ್ಗುವುದೂ ಕಡಿಮೆಯಾಗುತ್ತದೆ.

ಇದಕ್ಕೆ ಗೆದ್ದಲು ಹತ್ತುವುದಿಲ್ಲ, ಬೆಂಕಿ ಸುಲಭವಾಗಿ ತಗಲುವುದಿಲ್ಲ. ಮರದ ಹಲಗೆಗೆ ಹೋಲಿಸಿದರೆ ಇವೆರಡೂ ಮಲೆನಾಡಿಗೆ ದೊಡ್ಡ ಅನುಕೂಲಗಳೇ. ಆದರೆ ನಾರು ನೀರನ್ನು ಹೀರುವ ಸ್ವಭಾವದ್ದು. ಹಲಗೆಯನ್ನು ಕತ್ತರಿಸಿದಾಗ ನಾರಿನ ತುದಿಗಳು ಅಂಚಿನಲ್ಲಿ ತೆರೆದುಕೊಳ್ಳುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆ ಅಂಚು ನೀರನ್ನು ಎಳೆದುಕೊಳ್ಳುತ್ತದೆ. ಆದುದರಿಂದ ಮುಖಕ್ಕೆ ಎಷ್ಟೇ ಒಳ್ಳೆಯ ಬಣ್ಣ ಬಳಿದರೂ ಅಂಚು ಬರಿದಾಗಿದ್ದರೆ ರಕ್ಷಣೆ ಅಪೂರ್ಣ.

2. ಹವಾಮಾನಕ್ಕೆ ತಕ್ಕ ಪರಿಗಣನೆ

"ಎಲ್ಲ ಹವೆಗೂ ಸಲ್ಲುವ ಹಲಗೆ" ಎಂಬ ಜಾಹೀರಾತನ್ನು ಅಕ್ಷರಶಃ ನಂಬುವಂತಿಲ್ಲ. ಅಮೆರಿಕದ ಮಾರುಕಟ್ಟೆಗಾಗಿ ಜೇಮ್ಸ್ ಹಾರ್ಡಿ ಸಂಸ್ಥೆಯೇ ಹಿಮ ಬೀಳುವ ಪ್ರದೇಶಗಳಿಗೆ ಒಂದು ಬಗೆ, ಬಿಸಿಲು ಮತ್ತು ತೇವ ಹೆಚ್ಚಿರುವ ಪ್ರದೇಶಗಳಿಗೆ ಇನ್ನೊಂದು ಬಗೆ ಎಂದು ಉತ್ಪನ್ನವನ್ನು ವಿಂಗಡಿಸಿತು. ಹಿಮಪ್ರದೇಶದಲ್ಲಿ ಹಲಗೆಯೊಳಗೆ ಸೇರಿದ ನೀರು ಹೆಪ್ಪುಗಟ್ಟಿ ಹಿಗ್ಗುವುದೇ ಮುಖ್ಯ ಶತ್ರು. ಲಡಾಖ್ ಅಥವಾ ಹಿಮಾಚಲದ ಮೇಲ್ಭಾಗಗಳಲ್ಲಿ ಇದು ಸಲ್ಲುವ ಮಾತು. ಕರ್ನಾಟಕದಲ್ಲಿ ಶತ್ರುಗಳೇ ಬೇರೆ.

ಮಲೆನಾಡು: ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಇಲ್ಲಿ ಮಳೆಯ ಪ್ರಮಾಣಕ್ಕಿಂತಲೂ ಗೋಡೆ ವಾರಗಟ್ಟಲೆ ಒಣಗದಿರುವುದು ಹೆಚ್ಚಿನ ತೊಂದರೆ. ಹಲಗೆ ನೆನೆದ ಸ್ಥಿತಿಯಲ್ಲೂ ಬಲ ಉಳಿಸಿಕೊಳ್ಳಬೇಕು, ಅದರ ಹಿಂದೆ ಗಾಳಿಯಾಡಬೇಕು, ಬಣ್ಣ ಪಾಚಿಯನ್ನು ತಡೆಯುವಂತಿರಬೇಕು.

ಕರಾವಳಿ: ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ, ಜೊತೆಗೆ ಉಪ್ಪುಗಾಳಿ. ಉಪ್ಪುಗಾಳಿ ಮೊದಲು ತಿನ್ನುವುದು ಹಲಗೆಗಿಂತ ಅದನ್ನು ಹಿಡಿದ ಸ್ಕ್ರೂವನ್ನು. ತುಕ್ಕು ಹಿಗ್ಗಿ ಸ್ಕ್ರೂ ಸುತ್ತಲಿನ ಹಲಗೆ ಬಿರಿಯುತ್ತದೆ. ಸಮುದ್ರದ ಹತ್ತಿರ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಸ್ಕ್ರೂ ದುಬಾರಿಯಾದರೂ ವಿಹಿತ.

ಬಯಲುಸೀಮೆಯ ಬಿಸಿಪ್ರದೇಶ: ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಇಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ಕೂಡುಗೆರೆಗಳು ಬಿರಿಯುತ್ತವೆ. ತಿಳಿಬಣ್ಣ ಮತ್ತು ಚಲನೆಗೆ ಅವಕಾಶವುಳ್ಳ ಕೂಡಿಕೆ ಅಗತ್ಯ.

3. ಮಾನಕ ಸಂಖ್ಯೆಯನ್ನು ಓದುವ ಕ್ರಮ

ಕಲ್ನಾರು ರಹಿತ ಚಪ್ಪಟೆ ಹಲಗೆಗಳಿಗೆ ಭಾರತೀಯ ಮಾನಕ ಐ.ಎಸ್. 14862:2000 ಇದೆ. ಸಂಖ್ಯೆ ಮುದ್ರಿತವಾಗಿದ್ದ ಮಾತ್ರಕ್ಕೆ ತೃಪ್ತರಾಗಬಾರದು. ಅದರ ಮುಂದಿನ ಅಕ್ಷರವೇ ನಿರ್ಣಾಯಕ. ಟೈಪ್ ಎ ಹಲಗೆಯು ಬಿಸಿಲು ಮಳೆಗಳಿಗೆ ನೇರವಾಗಿ ಒಡ್ಡಿಕೊಳ್ಳುವ ಹೊರಬಳಕೆಗೆ. ಟೈಪ್ ಬಿ ಹಲಗೆಯು ಒಳಬಳಕೆಗೆ ಮತ್ತು ನೇರ ಬಿಸಿಲು ಮಳೆ ತಾಗದ ಹೊರಭಾಗಗಳಿಗೆ. ಟೈಪ್ ಎ ಹಲಗೆಯ ಬಾಗುಬಲವನ್ನು ನೆನೆದ ಸ್ಥಿತಿಯಲ್ಲಿ ಅಳೆಯುವುದರಿಂದ, ಎರಡು ಬಗೆಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು "ಬಿ ಹೆಚ್ಚು ಗಟ್ಟಿ" ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ.

ಖರೀದಿಸುವ ವರ್ತಕನು ತಯಾರಕರಿಂದ ಪರೀಕ್ಷಾ ವರದಿ ಕೇಳಬೇಕು. ನೆನೆಸಿ ಒಣಗಿಸುವ ಪರೀಕ್ಷೆ, ಬಿಸಿನೀರಿನ ಪರೀಕ್ಷೆ, ಬಿಸಿಲು-ಮಳೆ ಪರೀಕ್ಷೆ ಇವು ಕರ್ನಾಟಕಕ್ಕೆ ಮುಖ್ಯವಾದವು. ಹೆಪ್ಪುಗಟ್ಟಿಸಿ ಕರಗಿಸುವ ಪರೀಕ್ಷೆಯಲ್ಲಿ ಉತ್ತೀರ್ಣವಾದ ವಿದೇಶಿ ಹಲಗೆಯು ಉಡುಪಿಯ ಮಳೆಗೂ ಸಲ್ಲುತ್ತದೆಂದು ಅದರಿಂದಲೇ ಸಿದ್ಧವಾಗುವುದಿಲ್ಲ.

4. ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ಅ) ಗೋಡೆಗೂ ಹಲಗೆಗೂ ನಡುವೆ ಸುಮಾರು 20 ಮಿ.ಮೀ. ಗಾಳಿಯ ಸಂದು ಇರಲಿ. ಅದರ ಕೆಳತುದಿ ಮತ್ತು ಮೇಲ್ತುದಿ ತೆರೆದಿರಲಿ. ಒಳಸೇರಿದ ನೀರು ಇಳಿದುಹೋಗಲು ಇದೇ ದಾರಿ.
ಆ) ಹಲಗೆಯ ಕೆಳಅಂಚು ನೆಲದಿಂದ ಕನಿಷ್ಠ 150 ಮಿ.ಮೀ. ಮೇಲಿರಲಿ. ಅಂಗಳದಿಂದ ಸಿಡಿಯುವ ನೀರು ಮಣ್ಣನ್ನೂ ಹೊತ್ತು ತರುತ್ತದೆ.
ಇ) ಕತ್ತರಿಸಿದ ಪ್ರತಿ ಅಂಚಿಗೂ, ಕೊರೆದ ತೂತುಗಳ ಒಳಬದಿಗೂ, ಜೋಡಿಸುವ ಮುನ್ನವೇ ಪ್ರೈಮರ್ ಬಳಿಯಬೇಕು. ಜೋಡಿಸಿದ ಮೇಲೆ ಕೈ ಎಟುಕದು.
ಈ) ಕಿಟಕಿಯ ಮೇಲ್ಭಾಗದಲ್ಲಿ ನೀರನ್ನು ಹೊರಕ್ಕೆ ತಿರುಗಿಸುವ ತಗಡಿನ ಪಟ್ಟಿ ಇರಬೇಕು. ಸೀಲಂಟ್ ಒಂದನ್ನೇ ನೆಚ್ಚಬಾರದು.
ಉ) 2440 x 1220 ಮಿ.ಮೀ. ಅಳತೆಯ, 8 ಮಿ.ಮೀ. ದಪ್ಪದ ಒಂದು ಹಲಗೆ ಸುಮಾರು 32 ಕಿಲೋ ತೂಗುತ್ತದೆ. ಚೌಕಟ್ಟು ಆ ಭಾರವನ್ನೂ ಗಾಳಿಯ ಹೊಡೆತವನ್ನೂ ತಾಳಬೇಕು. ದಾಸ್ತಾನಿನಲ್ಲಿ ಹಲಗೆಗಳನ್ನು ಮಟ್ಟಸವಾಗಿ, ನೆಲದಿಂದ ಎತ್ತರದಲ್ಲಿ, ಮಳೆ ತಾಗದಂತೆ ಇಡಬೇಕು.
ಊ) ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಸಿಲಿಕೋಸಿಸ್ ರೋಗಕ್ಕೆ ಕಾರಣ. ಬಯಲಿನಲ್ಲಿ, ಗೆರೆ ಕೊರೆದು ಮುರಿಯುವ ವಿಧಾನದಿಂದ ಅಥವಾ ನೀರು ಹಾಯಿಸಿ, ಸೂಕ್ತ ಮುಖಗವಸು ಧರಿಸಿ ಕತ್ತರಿಸಬೇಕು. ಕೆಲಸಗಾರರ ಆರೋಗ್ಯಕ್ಕೆ ಮಾಡುವ ಈ ಖರ್ಚನ್ನು ಅಂದಾಜುಪಟ್ಟಿಯಲ್ಲೇ ಸೇರಿಸುವುದು ಲೇಸು.

5. ವೆಚ್ಚದ ಲೆಕ್ಕಾಚಾರ

ಚದರಡಿಯ ದರವನ್ನಷ್ಟೇ ಹೋಲಿಸಿದರೆ ಅಗ್ಗದ ಹಲಗೆಯೇ ಗೆಲ್ಲುತ್ತದೆ. ಹೋಲಿಸಬೇಕಾದದ್ದು ಗೋಡೆಯನ್ನು ಒಂದು ಅವಧಿಯವರೆಗೆ ಕಾಪಾಡಲು ತಗಲುವ ಒಟ್ಟು ವೆಚ್ಚವನ್ನು. ವಿಧಾನವನ್ನು ತಿಳಿಸುವುದಕ್ಕಾಗಿ ಮಾತ್ರ ಕಲ್ಪಿತ ಅಂಕಿಗಳಿಂದ ಒಂದು ಉದಾಹರಣೆ ಕೊಡಲಾಗಿದೆ. ಪಡುವಣ ಗೋಡೆ 500 ಚದರಡಿ. ಅವಧಿ 24 ವರ್ಷ. ಹಣದ ಮೇಲಿನ ಬಡ್ಡಿ ಶೇ. 10, ಬೆಲೆಯೇರಿಕೆಯನ್ನು ಗಣಿಸಿಲ್ಲ.

ಮೊದಲ ಆಯ್ಕೆ: ಒಳಬಳಕೆಯ ಹಲಗೆ, ಸಾಧಾರಣ ಸ್ಕ್ರೂ, ಜೋಡಣೆ ಸೇರಿ ಚದರಡಿಗೆ 120 ರೂ., ಒಟ್ಟು 60,000 ರೂ. ಪ್ರತಿ 6 ವರ್ಷಕ್ಕೊಮ್ಮೆ ಬದಲಾವಣೆ. ನಾಲ್ಕು ಬಾರಿಯ ಖರ್ಚು 2,40,000 ರೂ.

ಎರಡನೆಯ ಆಯ್ಕೆ: ಹೊರಬಳಕೆಯ ಹಲಗೆ, ಸ್ಟೇನ್‌ಲೆಸ್ ಸ್ಕ್ರೂ, ಅಂಚಿಗೆ ಪ್ರೈಮರ್, ಚದರಡಿಗೆ 190 ರೂ., ಒಟ್ಟು 95,000 ರೂ. ಎಂಟನೆಯ ಮತ್ತು ಹದಿನಾರನೆಯ ವರ್ಷ ತಲಾ 10,000 ರೂ. ವೆಚ್ಚದ ಮರುಬಣ್ಣ. ಒಟ್ಟು ಖರ್ಚು 1,15,000 ರೂ.

ನಾಳಿನ ರೂಪಾಯಿ ಇಂದಿನ ರೂಪಾಯಿಗೆ ಸಮನಲ್ಲ. ಮುಂದಿನ ಖರ್ಚುಗಳನ್ನು ಶೇ. 10ರಂತೆ ಇಂದಿನ ಮೌಲ್ಯಕ್ಕೆ ಇಳಿಸಿದಾಗ ಮೊದಲ ಆಯ್ಕೆ ಸುಮಾರು 1,23,800 ರೂ. ಆಗುತ್ತದೆ, ಎರಡನೆಯದು ಸುಮಾರು 1,01,800 ರೂ. ಅಂತರ ಮೊದಲು ಕಂಡಷ್ಟು ದೊಡ್ಡದಲ್ಲ. ಆದರೂ ದುಬಾರಿಯೆನಿಸಿದ್ದೇ ಅಗ್ಗ.

ಇನ್ನು ಅದೇ ಮನೆಯ ಮೂಡಣ ಗೋಡೆಯನ್ನು ನೋಡಬಹುದು. ಆಳವಾದ ಸೂರಿನ ಕೆಳಗೆ, ಎರಚಲು ತಾಗದಿರುವುದರಿಂದ ಒಳಬಳಕೆಯ ಹಲಗೆ ಅಲ್ಲಿ 12 ವರ್ಷ ಬಾಳಿದರೆ ಅದರ ಇಂದಿನ ಮೌಲ್ಯ ಸುಮಾರು 79,100 ರೂ. ಮಾತ್ರ. ಅಲ್ಲಿ ಅಗ್ಗದ್ದೇ ಸರಿಯಾದ ಆಯ್ಕೆ. ಈ ಲೆಕ್ಕದಿಂದ ಹೊರಡುವ ತತ್ತ್ವ ಇಷ್ಟು: ಹಲಗೆಯನ್ನು ಮನೆಗಾಗಿ ಆರಿಸಬಾರದು, ಗೋಡೆಗಾಗಿ ಆರಿಸಬೇಕು.

6. ಬಿಲ್ಲು ಮತ್ತು ತೆರಿಗೆ

ಸರಕಿನ ಬಿಲ್ಲಿನಲ್ಲಿರುವ ಎಚ್.ಎಸ್.ಎನ್. ಸಂಕೇತವು ತೆರಿಗೆಗಷ್ಟೇ ಅಲ್ಲ, ವಸ್ತುವಿನ ಗುರುತಿಗೂ ಉಪಯುಕ್ತ. ಕಲ್ನಾರು ಇರುವ ಸಿಮೆಂಟ್ ಸರಕು 6811 40ರಲ್ಲಿ, ಕಲ್ನಾರು ಇಲ್ಲದ ಚಪ್ಪಟೆ ಹಾಳೆಗಳು 6811 82ರಲ್ಲಿ ಬರುತ್ತವೆ. ನಾಲ್ಕಂಕಿಯ ಸಂಕೇತ ಎರಡಕ್ಕೂ ಒಂದೇ. ಆದುದರಿಂದ ಆರಂಕಿಯ ಸಂಕೇತವನ್ನೂ "ಕಲ್ನಾರು ರಹಿತ" ಎಂಬ ಒಕ್ಕಣೆಯನ್ನೂ ಬಿಲ್ಲಿನಲ್ಲಿ ಕೇಳಿ ಬರೆಸಿಕೊಳ್ಳುವುದು ಕ್ಷೇಮ.

ಸ್ವಂತ ವಾಸದ ಮನೆಗೆ ಕೊಂಡ ಹಲಗೆಯ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಅಂಗಡಿ, ಉಗ್ರಾಣ, ಕೆಲಸಗಾರರ ವಸತಿಗಳ ವಿಷಯದಲ್ಲಿ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 17(5)ನೆಯ ಕಲಮನ್ನು ಗಮನಿಸಬೇಕು. ಸ್ಥಿರಾಸ್ತಿಯ ನಿರ್ಮಾಣಕ್ಕೆ ಜಮೆ ಇಲ್ಲ. ದುರಸ್ತಿ ಮತ್ತು ನವೀಕರಣದ ವೆಚ್ಚವು ಎಷ್ಟರಮಟ್ಟಿಗೆ ಬಂಡವಾಳ ಖಾತೆಗೆ ಸೇರುತ್ತದೋ ಅಷ್ಟರಮಟ್ಟಿಗೆ ಅದೂ ನಿರ್ಮಾಣವೆನಿಸುತ್ತದೆ. ಕೆಟ್ಟ ನಾಲ್ಕು ಹಲಗೆ ಬದಲಿಸುವುದು ದುರಸ್ತಿ. ಇಡೀ ಕಟ್ಟಡಕ್ಕೆ ಹೊಸದಾಗಿ ಹೊದಿಕೆ ಹಾಕುವುದು ಸಾಮಾನ್ಯವಾಗಿ ಬಂಡವಾಳ ವೆಚ್ಚ. ಕೆಲಸದ ನಿಜಸ್ವರೂಪಕ್ಕೆ ತಕ್ಕಂತೆ ಖಾತೆ ಬರೆಯಬೇಕೇ ಹೊರತು ಜಮೆಯ ಆಸೆಗೆ ತಕ್ಕಂತೆ ಅಲ್ಲ.

7. ವರ್ತಕನ ಹೊಣೆ

ಸರಕು ಮಾರಾಟ ಕಾಯಿದೆ, 1930ರ 16ನೆಯ ಕಲಮಿನಂತೆ, ಗ್ರಾಹಕನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ ವರ್ತಕನ ತಿಳಿವಳಿಕೆಯನ್ನು ನಂಬಿ ಕೊಂಡಲ್ಲಿ, ಆ ಸರಕು ವರ್ತಕನ ನಿತ್ಯವ್ಯಾಪಾರದ್ದಾಗಿದ್ದರೆ, ಅದು ಉದ್ದೇಶಕ್ಕೆ ಸಾಕಷ್ಟು ತಕ್ಕುದಾಗಿರಬೇಕೆಂಬ ಷರತ್ತು ತಾನಾಗಿಯೇ ಅಡಗಿರುತ್ತದೆ. ವರ್ತಕನು ತಯಾರಕನಲ್ಲ ಎಂಬುದು ವಿನಾಯಿತಿಯಲ್ಲ. ಗ್ರಾಹಕನು ತಾನೇ ವ್ಯಾಪಾರನಾಮ ಹೇಳಿ ಅದನ್ನೇ ಕೊಂಡರೆ ಈ ಷರತ್ತು ಅನ್ವಯಿಸದು. ಹಾಗಾಗಿ "ಪಡುವಣ ಗೋಡೆಗೆ ಯಾವುದು ಒಳ್ಳೆಯದು?" ಎಂಬ ಪ್ರಶ್ನೆಗೆ ಕೊಡುವ ಉತ್ತರ ಬರಿಯ ಮಾತಲ್ಲ, ಅದೊಂದು ಹೊಣೆ.

ಇದಕ್ಕೆ ಉಪಾಯ ಸರಳ. ಬಿಲ್ಲಿನಲ್ಲಿ ಮಾನಕ ಸಂಖ್ಯೆ, ಟೈಪ್, ದಪ್ಪ ಮತ್ತು "ಒಳಬಳಕೆಗೆ" ಅಥವಾ "ಹೊರಬಳಕೆಗೆ" ಎಂಬ ಮಾತನ್ನು ಬರೆಯಬೇಕು. ತಯಾರಕರ ಜೋಡಣೆ ಸೂಚನೆಯ ಪ್ರತಿಯನ್ನು ಕೊಟ್ಟು ಸಹಿ ಪಡೆಯಬೇಕು. ತಯಾರಕರ ಖಾತರಿಪತ್ರವು ಹಲಗೆಗಷ್ಟೇ ಸಲ್ಲುತ್ತದೋ ಕೂಲಿ ಮತ್ತು ಬಣ್ಣಕ್ಕೂ ಸಲ್ಲುತ್ತದೋ, ಸಮುದ್ರತೀರವನ್ನು ಹೊರಗಿಟ್ಟಿದೆಯೋ ಎಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸಬೇಕು.

ಉಪಸಂಹಾರ

ಸೋಗೆಯ ತಟ್ಟಿ ಕಟ್ಟುತ್ತಿದ್ದ ಕಾಲದಲ್ಲಿ ಅದು ಒಂದು ವರ್ಷ ಬಾಳುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಮೋಸಹೋಗುತ್ತಿರಲಿಲ್ಲ. ಫೈಬರ್ ಸಿಮೆಂಟ್ ಹಲಗೆ ಸರಿಯಾಗಿ ಆರಿಸಿ ಜೋಡಿಸಿದರೆ ದಶಕಗಳ ಕಾಲ ಗೋಡೆಯನ್ನು ಕಾಯಬಲ್ಲದು. ಎಷ್ಟು ಬಾಳುತ್ತದೆ, ಎಲ್ಲಿ ಬಾಳುತ್ತದೆ ಎಂಬುದನ್ನು ಮಾರುವ ಮುನ್ನವೇ ಗ್ರಾಹಕನಿಗೆ ಹೇಳಬಲ್ಲ ವರ್ತಕನ ಅಂಗಡಿಗೆ ಮುಂದಿನ ಮಳೆಗಾಲದ ಹೊತ್ತಿಗೆ ಆ ಗ್ರಾಹಕನ ನೆರೆಯವನೂ ಬರುತ್ತಾನೆ.